ಗುಲಾಬಿ ಹಕ್ಕಿಯೂ ನಾಲ್ಕನೇ ಜ್ವರವೂ

ಹಿಪ್ಪುನೇರಳೆ ಹಣ್ಣಾಗುವ ಹೊತ್ತಿಗೆ ಆ ಹಕ್ಕಿಗಳು ನಮ್ಮ ತೋಟಕ್ಕೆ ಬರುತ್ತಿದ್ದವು. ಗೊರವಂಕದಷ್ಟು ಗಾತ್ರ, ತಲೆ, ರೆಕ್ಕೆ ಕಪ್ಪು, ಮೈ ಗುಲಾಬಿ. ಚಳಿಗಾಲಕ್ಕೆ ಎಲ್ಲಿಂದಲೋ ನಮ್ಮ ಸೀಮೆಗೆ ಬಂದು, ಬಿಸಿಲು ಏರುತ್ತಿದ್ದಂತೆ ಹೋಗಿಬಿಡುತ್ತಿದ್ದವು. ಬಂದ ಹೊಸತರಲ್ಲಿ ಜೋಳದ ತೆನೆ, ಆಮೇಲೆ ದನದ ಕಾಲಡಿಯಿಂದ ಏಳುವ ಮಿಡತೆ, ಹೊರಡುವ ಮುಂಚೆ ಹಣ್ಣು. ಬಾವಿ ಪಕ್ಕದ ಹಳೇ ಮರವನ್ನು ಸೊಪ್ಪಿಗೆ ಕಡಿಯದೆ ಬಿಟ್ಟಿದ್ದೆವು. ಅದರಲ್ಲಿ ಕೂತು ತಿನ್ನುವಾಗಲೂ ಅವು ಬಾಯಿ ಮುಚ್ಚುತ್ತಿರಲಿಲ್ಲ. ಇಷ್ಟೆಲ್ಲ ನನಗೆ ಯಾಕೆ ನೆನಪಿದೆ ಅಂದರೆ, ನೋಡಬಾರದ ದಿನ ನಿಂತು ನೋಡಿದ್ದೆ.

ನಲವತ್ತರ ದಶಕದ ಮೊದಲ ವರ್ಷಗಳು. ಬೈರಕೂರಿನ ಹತ್ತಿರ ನಮ್ಮೂರು. ನನಗೆ ಒಂಬತ್ತು, ತಮ್ಮನಿಗೆ ಎರಡು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಕಳೆದರೆ ಇನ್ನೊಂದು ವಾರಕ್ಕೆ ಗೂಡು. ನಾಲ್ಕನೆಯದು ಇವತ್ತೋ ನಾಳೆಯೋ ಎಂದು ಮನೆಯಲ್ಲಿ ಕಾಯುತ್ತಿದ್ದರು.

ಅವತ್ತು ಬೆಳಿಗ್ಗೆ ತಮ್ಮನ ಮೈ ಕಾದ ಹೆಂಚಿನಂತಿತ್ತು. ಮುಳಬಾಗಿಲಿನ ಆಸ್ಪತ್ರೆಗೆ ಒಯ್ಯಬೇಕು, ಗಾಡಿ ಸಮೇತ ನಾಯ್ನನನ್ನು ಕರೆದುಕೊಂಡು ಬಾ ಎಂದು ಅಮ್ಮ ನನ್ನನ್ನು ತೋಟಕ್ಕೆ ಓಡಿಸಿದಳು. ಅಪ್ಪನನ್ನು ನಾವು ತೆಲುಗಿನವರ ಹಾಗೆ ನಾಯ್ನ ಅನ್ನುತ್ತಿದ್ದೆವು. ಬಾವಿ ಹತ್ತಿರ ಹೋದರೆ ಮರದ ತುಂಬ ಗುಲಾಬಿ. ಬಾಯಿ ಬಿಟ್ಟುಕೊಂಡು ನಿಂತೆ.

ಸೊಪ್ಪು ಕುಯ್ಯುತ್ತಲೇ ನಾಯ್ನ ಯಾಕೆ ಬಂದೆ ಎಂದು ಕೇಳಿದ.

“ಜ್ವರ ಬಂದೈತಂತೆ,” ಅಂದೆ.

“ನಾಲ್ಕನೇದೇನಮ್ಮಾ?”

“ಹೂಂ,” ಅಂದೆ, ಹಕ್ಕಿ ನೋಡುತ್ತಾ.

ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಬೇಡ. ಬಿಡುವಾಯಿತೆಂದು ನಾಯ್ನ ಗಾಡಿ ಹೂಡಿಕೊಂಡು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ತರಲು ಶ್ರೀನಿವಾಸಪುರದ ಕಡೆ ಹೋದ. ನಾನು ಇನ್ನಷ್ಟು ಹೊತ್ತು ಅಲ್ಲೇ ನಿಂತಿದ್ದು ಮನೆಗೆ ಬಂದು, ನಾಯ್ನನಿಗೆ ಹೇಳಿದೆ ಅಂದೆ. ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗಾಡಿಯ ಸದ್ದಿಗೆ ಕಾದಳು. ಗಾಡಿ ಸಂಜೆಗೆ ಬಂತು. ಮಗು ಮಧ್ಯಾಹ್ನವೇ ಹೋಗಿತ್ತು.

ಒಳಗೆ ಹುಳಗಳು ಹಸಿದು, ತಟ್ಟೆಯಲ್ಲಿ ತಲೆ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಒಂದಕ್ಕೂ ಜ್ವರವಿರಲಿಲ್ಲ. ನನಗೆ ಅಳು ಬರಲಿಲ್ಲ. ಈಗಲೂ ಬರುವುದಿಲ್ಲ; ಕಾಲು ಜೋಮು ಹಿಡಿದ ಹಾಗೆ ಎದೆ ಜೋಮು ಹಿಡಿಯುತ್ತದೆ, ಅಷ್ಟೇ.

“ನಾನೇ ತಪ್ಪು ಕೇಳಿಸ್ಕೊಂಡೆ ಕಣೇ,” ಎಂದ ನಾಯ್ನ, ಅಮ್ಮನ ಮುಂದೆ ತಲೆ ತಗ್ಗಿಸಿ. ನನ್ನ ಕಡೆ ನೋಡಲಿಲ್ಲ.

ಅವನು ಸರಿಯಾಗಿಯೇ ಕೇಳಿಸಿಕೊಂಡಿದ್ದ. ಹೂಂ ಅಂದವಳು ನಾನು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಸಾಯುವವರೆಗೂ ಅವನು ಅದನ್ನು ಅಮ್ಮನಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ.