ಓಡೋ ಜಿಪ್ಸಿಯ ಫೋಟೋ

ಕೊಟ್ಟೂರಿನ ಹಂಪೇಶನ ಸ್ಟುಡಿಯೋಕ್ಕೆ ಒಮ್ಮೆಯಾದರೂ ಹೋದವರಿಗೆ ಅವನ ಮಾತು ಕಿವಿಯಲ್ಲಿ ಉಳಿದಿರುತ್ತದೆ. "ಗದ್ದ ಮ್ಯಾಲೆತ್ರಿ. ಉಸಿರು ಹಿಡೀರಿ. ಅಲುಗಾಡಬ್ಯಾಡ್ರಿ... ಹಾಂ, ಮುಗೀತು." ವರನ ಕಡೆಗೆ ಫೋಟೋ ಕಳಿಸೋಕೆ ಸೀರೆ ಉಟ್ಟು ಬಂದ ಹುಡುಗಿಯರು, ಪರೀಕ್ಷೆ ಕಟ್ಟುವ ಹುಡುಗರು, ಪಿಂಚಣಿಯ ಮುದುಕರು, ಎಲ್ಲರೂ ಆ ಮಾತಿಗೆ ಕಲ್ಲಾಗಿ ಕೂರುತ್ತಿದ್ದರು. ತಮಾಷೆ ಅಂದರೆ, ಉಸಿರು ಹಿಡೀರಿ ಅಂತ ಅವರಿಗೆ ಹೇಳುತ್ತಾ ಇವನೂ ಹಿಡಿಯುತ್ತಿದ್ದ. ಕ್ಲಿಕ್ ಅನ್ನುವ ಹೊತ್ತಿಗೆ ಫೋಟೋದವನು, ತೆಗೆಸಿಕೊಳ್ಳುವವನು ಇಬ್ಬರೂ ಗೊಂಬೆಗಳೇ. ಹುಡುಗನಾಗಿದ್ದಾಗಿಂದ ಇದನ್ನೇ ಮಾಡಿದ ಕೈಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು, ನೀವೇ ಹೇಳಿ.

ಅಂಥವನ ಹತ್ತಿರ ಗ್ಯಾರೇಜಿನ ಗವಿಸಿದ್ದೇಶ ಬಂದು ಕೂತದ್ದು ತೊಂಬತ್ತೊಂಬತ್ತನೇ ಇಸವಿಯಲ್ಲಿ, ಸುಗ್ಗಿ ಮುಗಿದ ಮೇಲೆ. ಇಬ್ಬರೂ ಒಂದೇ ಓಣಿಯವರು, ಶಾಲೆಯಲ್ಲಿ ಒಂದೇ ಬೆಂಚಿನವರು. ಗವಿಸಿದ್ದೇಶನಿಗೆ ಗಾಡಿ ಅಂದರೆ ಪ್ರಾಣ. ಯಾರೋ ಗುಜರಿಗೆ ಹಾಕಿದ್ದ ಜಿಪ್ಸಿ ಜೀಪನ್ನು ತಂದು, ಕುಟ್ಟಿ ಬಡಿದು ಓಡುವ ಹಾಗೆ ಮಾಡಿದ್ದ. ಹೊಸಪೇಟೆ ಕಡೆಯ ಕಾರು ಶೋಕಿಯವರು ಕೂಡಿಕೊಂಡು ಉಜ್ಜಿನಿ ಕಡೆಗಿನ ಮಣ್ಣು ದಾರಿಯಲ್ಲಿ ಒಂದು ರ‍್ಯಾಲಿ ಇಟ್ಟುಕೊಂಡಿದ್ದರು, ಅದಕ್ಕೆ ಹೆಸರು ಕೊಟ್ಟು ಬಂದಿದ್ದ. ಆದರೆ ಹಿಂದಿನ ವರ್ಷ ಹರಪನಹಳ್ಳಿ ಹತ್ತಿರ ಇದೇ ಜಿಪ್ಸಿ ಪಲ್ಟಿ ಹೊಡೆದು ಎಡಭುಜದ ಎಲುಬು ಮುರಿದಿತ್ತು. ಆವತ್ತಿನಿಂದ ಅವನ ತಾಯಿ ಕೊಟ್ರಮ್ಮನ ಕಣ್ಣಿಗೆ ನಿದ್ದೆ ಇಲ್ಲ. ಕಡೆಗೆ ಮಗನನ್ನು ಗುಡಿ ಮುಂದೆ ನಿಲ್ಲಿಸಿ, ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದ್ದಳು. ಇದೊಂದು ಸಲ, ಆಮೇಲೆ ರೇಸು ಅನ್ನುವ ಮಾತಿಲ್ಲ. ವಿಭೂತಿ ಮುಟ್ಟಿದ ಮೇಲೆ ಆ ಮನೆಯಲ್ಲಿ ಮಾತು ಹಿಂದಕ್ಕೆ ತಗೊಳ್ಳುವ ಪದ್ಧತಿ ಇರಲಿಲ್ಲ, ಆಣೆ ಮಾಡಿದವನಿಗೂ ಇಲ್ಲ, ಮಾಡಿಸಿದವಳಿಗೂ ಇಲ್ಲ.

"ಒಂದು ಫೋಟೋ ತೆಗಿಯಲೇ ಹಂಪ್ಯಾ," ಅಂದ ಗವಿಸಿದ್ದೇಶ. "ಗಾಡಿ ಪಕ್ಕ ನಿಂತಿದ್ದು ಬ್ಯಾಡ. ಓಡೋದು ಬೇಕು. ಮುದುಕ ಆದ ಮ್ಯಾಲೆ ನೋಡಿದ್ರೂ ಮುಖಕ್ಕ ಗಾಳಿ ಬಡೀಬೇಕು. ಇನ್ನ ನನ್ನ ಪಾಲಿಗೆ ಉಳಿಯೋದು ಅದೊಂದ ನೋಡು."

"ಅದೇನ್ ಮಹಾ, ತೆಗೆದ್ರಾತು ಬಿಡು," ಅಂದುಬಿಟ್ಟ ಹಂಪೇಶ. ಅನ್ನೋಕೇನು, ಬಾಯಿಗೆ ಬಾಡಿಗೆಯೇ?

ಕೂಡ್ಲಿಗಿ ರಸ್ತೆ ಬದಿಗೆ ನಿಂತು ಬಸ್ಸುಗಳ ಮೇಲೆ ಒಂದು ರೀಲು ಮುಗಿಸಿದ. ದಾವಣಗೆರೆಯ ಕಲರ್ ಲ್ಯಾಬಿಗೆ ಹೋಗಿ ಪ್ರಿಂಟು ಈಸಿಕೊಂಡು ನೋಡಿದ. ಶಟರಿನ ವೇಗ ಜೋರಾಗಿ ಇಟ್ಟದ್ದರಲ್ಲಿ ಬಸ್ಸು ಸ್ಟ್ಯಾಂಡಿನಲ್ಲಿ ನಿಂತು ಪ್ರಯಾಣಿಕರಿಗೆ ಕಾಯುತ್ತಿದ್ದ ಹಾಗಿತ್ತು. ನಿಧಾನ ಇಟ್ಟದ್ದರಲ್ಲಿ ಬಸ್ಸೂ ಇಲ್ಲ, ರಸ್ತೆಯೂ ಇಲ್ಲ, ಕಲಸಿಟ್ಟ ಮುದ್ದೆ. ಲ್ಯಾಬಿನ ಹಾಲಸ್ವಾಮಿ ಪ್ರಿಂಟು ತಿರುವಿ ನೋಡಿ ನಕ್ಕ. "ಗಾಡಿ ಜೊತೆ ಕ್ಯಾಮೆರಾನೂ ತಿರುಗ್ತಾನೇ ಇರ್ಬೇಕು ಸ್ವಾಮಿ. ಗಾಡಿ ಎಷ್ಟು ಜೋರೋ ನಿಮ್ಮ ಸೊಂಟನೂ ಅಷ್ಟೇ ಜೋರು. ಆಗ ಗಾಡಿ ನಿಚ್ಚಳ ಬರ್ತದೆ, ಹಿಂದಿನ ಗಿಡಗಂಟಿ ಗೆರೆ ಎಳೆದಂಗೆ ಓಡ್ತದೆ. ನೀವು ತಿರುಗಿಸ್ತೀರಿ, ಆದ್ರೆ ಬಟನ್ ಒತ್ತೋ ಟೈಮಿಗೆ ಗಕ್ಕನೆ ನಿಂತುಬಿಡ್ತೀರಿ. ಅದೇ ನಿಮ್ಮ ರೋಗ."

ರೋಗ ಗೊತ್ತಾಯಿತು, ಆದರೆ ಔಷಧಿ ತಗೊಳ್ಳೋಕೆ ಜನ ಬಿಡಬೇಕಲ್ಲ! ಕ್ಯಾಮೆರಾ ಕಂಡರೆ ನಿಂತುಬಿಡುವುದು ನಮ್ಮ ಕಡೆಯವರ ಚಟ. ಸೈಕಲ್ಲಿನವರು ಇಳಿದು ಅಂಗಿ ಗುಂಡಿ ಹಾಕಿಕೊಂಡರು. ಎತ್ತಿನ ಬಂಡಿಯವನು ಹಗ್ಗ ಜಗ್ಗಿ, ಎತ್ತುಗಳಿಗೂ ನೆಟ್ಟಗೆ ನಿಲ್ಲಲು ಹೇಳಿದ. ಒಬ್ಬ ಖಾಸಗಿ ಬಸ್ಸಿನ ಡ್ರೈವರಂತೂ ನಡುರಸ್ತೆಯಲ್ಲಿ ಬ್ರೇಕು ಹಾಕಿ, ಕನ್ನಡಿಯಲ್ಲಿ ತಲೆ ಬಾಚಿಕೊಂಡು, "ಹೂಂ, ತೆಗೀರಿ" ಅಂದ. ಹಿಂದಿನ ಬಾಗಿಲಿಂದ ಕಂಡಕ್ಟರು, "ಕಾಪಿ ಎಂದು ಕೊಡ್ತೀರಿ?" ಅಂತ ಕೂಗಿದ. ಇವರ ಸಹವಾಸವೇ ಬೇಡ ಅಂತ ಹಂಪೇಶ ಬಳ್ಳಾರಿ ಜಾಲಿಯ ಪೊದೆ ಹಿಂದೆ ಅಡಗಿ ಕೂತ. ಎರಡು ದಿನದಲ್ಲಿ ಊರೆಲ್ಲಾ ಸುದ್ದಿ. "ನಿಮ್ಮನಿಯವರಿಗೆ ಹೊಟ್ಟಿ ಸರಿ ಇಲ್ಲೇನ್ರಿ? ಹೊತ್ತೇರಿದ್ರೂ ಗಿಡದ ಹಿಂದ ಕುಂತಿರ್ತಾರಲ್ಲ," ಅಂತ ಅವನ ಹೆಂಡತಿ ವಾಣಿಶ್ರೀಯನ್ನೇ ಕೇಳಿದರು.

ವಾಣಿಶ್ರೀ ನಕ್ಕು ನಕ್ಕು ಸಾಕಾಗಿ, ಮರುದಿನ ತಾನೇ ಜೊತೆಗೆ ಬಂದಳು. ಖಾಲಿ ಕ್ಯಾಮೆರಾ ಹಿಡಿದು ಗಂಡ ಬಸ್ಸಿನ ಜೊತೆ ತಿರುಗುವಾಗ ಹಿಂದೆ ನಿಂತು ಅವನ ಮೊಣಕೈಯನ್ನೇ ನೋಡುವಳು. ಬಟನ್ ಒತ್ತಿದಾಗ ಕೈ ನಿಂತರೆ ಬೆನ್ನಿಗೆ ಒಂದು ಗುದ್ದು.

"ಮತ್ತ ನಿಂತ್ರಿ."

"ನಾ ನಿಲ್ಲಲಿಲ್ಲ ಮಾರಾಯ್ತಿ!"

"ಉಸಿರು ಸೈತ ನಿಂತಿತ್ರಿ. ಸುಳ್ಳು ಬ್ಯಾರೆ ಹೇಳ್ತೀರಿ."

ಹಂಪೇಶನಿಗೆ ಸಿಟ್ಟೂ ಬರುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಫೋಟೋ ಅಂದರೆ ನಿಲ್ಲಿಸುವುದು ಅಂತ ಇಷ್ಟು ದಿನ ನಂಬಿದ್ದ. ಜನರನ್ನು ನಿಲ್ಲಿಸಿದ, ನಗು ನಿಲ್ಲಿಸಿದ, ಅಳುವ ಕೂಸನ್ನೂ ನಿಲ್ಲಿಸಿದ. ಓಡುವುದನ್ನು ಓಡಲು ಬಿಟ್ಟು ಅದರ ಜೊತೆ ಹೋಗುವುದು ಅಂದರೆ ಏನು ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಗವಿಸಿದ್ದೇಶ ಒಂದೇ ಸಲ ಹಾದುಹೋಗುತ್ತಾನೆ, ತನ್ನ ಕೈ ಆಗಲೂ ನಿಂತುಬಿಟ್ಟರೆ? ಈ ಯೋಚನೆ ಬಂದರೆ ಊಟ ಸೇರುತ್ತಿರಲಿಲ್ಲ. ಬರಬರುತ್ತಾ ಬೆನ್ನಿಗೆ ಬೀಳುವ ಗುದ್ದು ಕಡಿಮೆಯಾಯಿತು, ಆದರೂ ಧೈರ್ಯ ಬರಲಿಲ್ಲ.

ರ‍್ಯಾಲಿಯ ದಿನ ಹಂಪೇಶ ಜೋಳದ ಕೂಳೆ ಹೊಲದ ಅಂಚಿಗೆ ನಿಂತ, ಬೆನ್ನ ಹಿಂದೆ ವಾಣಿಶ್ರೀ. ಎದುರು ಬದಿಗೆ ಜನವೋ ಜನ. ಒಂದೊಂದೇ ಕಾರು ಧೂಳೆಬ್ಬಿಸಿ ಹೋಯಿತು. ಆಮೇಲೆ ಆ ಹಳೇ ಇಂಜಿನ್ನಿನ ಗೊಗ್ಗರು ದನಿ ದೂರದಿಂದಲೇ ಗುರುತು ಸಿಕ್ಕಿತು. ಜಿಪ್ಸಿ ತಿರುವಿನಲ್ಲಿ ಕಂಡ ಕೂಡಲೇ ಕಣ್ಣಿಗೆ ಕ್ಯಾಮೆರಾ ಇಟ್ಟು ತಿರುಗುತ್ತಾ ಹೋದ. ಒತ್ತಿದ್ದು ಯಾವಾಗ ಅಂತ ಅವನಿಗೇ ತಿಳಿಯಲಿಲ್ಲ. ತಿರುಗುತ್ತಲೇ ಇದ್ದ, ಜಿಪ್ಸಿ ಧೂಳಿನಲ್ಲಿ ಮರೆಯಾಗುವ ತನಕ ತಿರುಗುತ್ತಲೇ ಇದ್ದ. ಬೆನ್ನಿಗೆ ಗುದ್ದು ಬೀಳಲಿಲ್ಲ. ತಿರುಗಿ ನೋಡಿದರೆ ವಾಣಿಶ್ರೀ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಧೂಳ್ರಿ," ಅಂದಳು.

ಗವಿಸಿದ್ದೇಶ ಬಹುಮಾನದ ಹತ್ತಿರಕ್ಕೂ ಸುಳಿಯಲಿಲ್ಲ, ಮೈಕೈ ನೆಟ್ಟಗೆ ಮನೆಗೆ ಬಂದ ಅಷ್ಟೇ. ಅದು ಸಾಕಾಗಿತ್ತು ಕೊಟ್ರಮ್ಮನಿಗೆ.

ಹಾಲಸ್ವಾಮಿ ಆ ಫೋಟೋವನ್ನು ದೊಡ್ಡದು ಮಾಡಿ ಕಳಿಸಿದ. ಜಾಲಿ ಸಾಲು, ಜನ, ಹೊಲ ಎಲ್ಲಾ ಉದ್ದನೆಯ ಗೆರೆಗಳಾಗಿ ಹರಿದಿದ್ದವು. ನಡುವೆ ಜಿಪ್ಸಿ, ಬಾನೆಟ್ಟಿನ ಗೀರು ಸಹ ಎಣಿಸಬಹುದು. ಹಂಪೇಶ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ನೋಡುತ್ತಾನೆ, ಮುಖವೇ ಇಲ್ಲ! ಹೆಲ್ಮೆಟ್ಟು, ಕನ್ನಡಕ, ಅದರ ಮೇಲೆ ಧೂಳು. ಒಳಗೆ ಕೂತವನು ಯಾರಾದರೂ ಆಗಿರಬಹುದಿತ್ತು. ಅಯ್ಯೋ ಶಿವನೇ, ಮುಖ ತೆಗೆದೇ ಹೊಟ್ಟೆ ಹೊರೆದವನು ಗೆಳೆಯನ ಮುಖವನ್ನೇ ಬಿಟ್ಟೆನಲ್ಲ ಅಂತ ಕುಗ್ಗಿಹೋದ.

ಹಾಗೇ ಅಳುಕುತ್ತಾ ಗವಿಸಿದ್ದೇಶನ ಮನೆಗೆ ಒಯ್ದ. ಗವಿಸಿದ್ದೇಶ ಎರಡೂ ಕೈಯಲ್ಲಿ ಹಿಡಿದು ನೋಡಿದ. ಒಳಗಿಂದ ಕೊಟ್ರಮ್ಮ ಬಂದು ಕೈ ಒರೆಸಿಕೊಂಡು, "ತಾ ಇಲ್ಲಿ," ಅಂತ ಕಿತ್ತುಕೊಂಡಳು. ಬಾಗಿಲ ಬೆಳಕಿಗೆ ಹಿಡಿದಳು.

"ಮುಖ ಬಂದಿಲ್ಲ ಯವ್ವಾ," ಅಂದ ಹಂಪೇಶ.

"ಮುಖ ಯಾಕ ಬೇಕೋ, ನಾನ ಹೆತ್ತಿಲ್ಲೇನು?" ಅವಳ ಬೆರಳು ಎಡಭುಜದ ಮೇಲೆ ನಿಂತಿತು. "ಎಲುಬು ಮುರಿದಾಗಿಂದ ಇದನ್ನ ಬಿಗಿ ಹಿಡಕೊಂಡ ಇರ್ತಾನ. ಉಣ್ಣಾಕ ಕುಂತ್ರೂ ಹಂಗ, ಮಲಗಿದ್ರೂ ಹಂಗ. ಇಲ್ಲಿ ನೋಡು. ಇಳೇಬಿಟ್ಟಾನ."

ಇಬ್ಬರೂ ನೋಡಿದರು. ಹೌದು, ಭುಜ ಸಡಿಲವಾಗಿತ್ತು. ಗವಿಸಿದ್ದೇಶ ತಲೆ ಎತ್ತಿ ತಾಯಿಯ ಮುಖ ನೋಡಿದ. ಹಂಪೇಶನಿಗೂ ಆಸೆ ಹುಟ್ಟಿತು, ಈಗ ಆಣೆ ಬಿಡುತ್ತಾಳೆ, ಈಗ ರೇಸಿಗೆ ಹೂಂ ಅಂದೇಬಿಡುತ್ತಾಳೆ ಅಂತ ಕಾದ.

"ಆಣಿ ಆಣಿನ," ಅಂದಳು ಕೊಟ್ರಮ್ಮ. "ಅದರ ಮಾತು ಎತ್ತಬ್ಯಾಡ್ರಿ." ಫೋಟೋ ಕೊಡಲಿಲ್ಲ, ಎದೆಗೆ ಹಿಡಿದು ನಿಂತೇ ಇದ್ದಳು. "ಇದಕ್ಕ ಗಾಜಿನ ಕಟ್ಟು ಹಾಕಿಸ್ಕೊಂಡು ಬಾ ಹಂಪೇಶ. ನನ್ನ ಹಾಸಿಗಿ ಎದುರಿಗೇ ಇರ್ಲಿ. ಇವನ ಕೈಲೆ ನಾ ಏನು ಬಿಡಿಸೀನಿ ಅನ್ನೋದು ದಿನಾ ನನ್ನ ಕಣ್ಣಿಗೆ ಬೀಳ್ಬೇಕು."

ಆ ವಾರವೇ ಹಂಪೇಶ ಕಟ್ಟು ಹಾಕಿಸಿ ತಂದ. ಮೊಳೆಯನ್ನು ಗವಿಸಿದ್ದೇಶನೇ ಹೊಡೆದ.