ಆರ್ಚಿ ಬಳಿದ ಮೆಟ್ಟಿಲು

ಗ್ಲಾಸ್ಗೋ ಪಟ್ಟಣದ ಪಾರ್ಟಿಕ್ ಕಡೆ, ಹೊಗೆ ಕುಡಿದು ಕಪ್ಪಾದ ಕೆಂಪು ಕಲ್ಲಿನ ಮಹಡಿ ಮನೆಸಾಲಿನಲ್ಲಿ ಆರ್ಚಿ ಟ್ಯಾನಕ್ ಅಂತ ಒಬ್ಬನಿದ್ದ. ಹಡಗುಕಟ್ಟೆಯಲ್ಲಿ ಬಣ್ಣ ಬಳಿಯುವವನು. ಕೈ ದೊಡ್ಡದು, ಮಾತು ಚಿಕ್ಕದು. ಹಡಗಿನ ಹೊಟ್ಟೆಗೆ ಬಣ್ಣ ಹಚ್ಚುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಮಾತ್ರ ಒಂದು ಲೋಟ ತೊಳೆದವನಲ್ಲ. ಅದಕ್ಕೆಲ್ಲ ಅವನ ಹೆಂಡತಿ ಮೊರಾಗ್ ಇದ್ದಳು. ಆ ಚಳಿಗಾಲ ಅವಳು ತೀರಿಕೊಂಡಳು.

ಆ ಮನೆಗಳಲ್ಲಿ ಒಂದು ಕಟ್ಟಳೆ. ಒಂದೇ ಮೆಟ್ಟಿಲ ಸಾಲು ಹತ್ತಿ ಇಳಿಯುವ ಸಂಸಾರಗಳೆಲ್ಲ ಸರದಿಯ ಮೇಲೆ ಅದನ್ನು ತೊಳೆಯಬೇಕು. ಶುಕ್ರವಾರ ಉಜ್ಜಿ ತೊಳೆದು, ಪ್ರತಿ ಮೆಟ್ಟಿಲ ಅಂಚಿಗೂ ಬಿಳಿಮಣ್ಣಿನ ಹೆಂಟೆಯಿಂದ ಸುರುಳಿ ಎಳೆಯಬೇಕು. ಒಬ್ಬೊಬ್ಬಳ ಸುರುಳಿ ಒಂದೊಂದು ಥರ. ಗಂಡಸರು ಈ ಕೆಲಸ ಮುಟ್ಟುತ್ತಿರಲಿಲ್ಲ. ಮುಟ್ಟಿದವನು ಹಡಗುಕಟ್ಟೆಯಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ಮಣ್ಣು ಮಾಡಿ ಬಂದ ವಾರಕ್ಕೆ ಎದುರು ಬಾಗಿಲಿನ ಇಸಾ ಲೋರಿಮರ್ ಸೂಪಿನ ಪಾತ್ರೆ ಹಿಡಿದು ಬಂದಳು.

"ಆರ್ಚಿ, ನಾವೆಲ್ಲ ಮಾತಾಡ್ಕೊಂಡಿದೀವಿ ಕಣಪ್ಪ. ಮೆಟ್ಲು ಸರದಿ ಇನ್ನು ನಿಮ್ಮನೆಗೆ ಬೇಡ. ನಾವೇ ಹಂಚ್ಕೋತೀವಿ."

ಒಳ್ಳೆಯ ಮನಸ್ಸಿನ ಮಾತೇ. ಆದರೂ ಆರ್ಚಿಗೆ ಒಪ್ಪಲಾಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಮೊರಾಗ್ ಸರದಿ ತಪ್ಪಿಸಿದವಳಲ್ಲ. ಈಗ ಮೆಟ್ಟಿಲಿಂದಲೂ ಅವಳನ್ನು ಅಳಿಸಿಬಿಡುವುದೇ?

"ಬೇಡಿ ಮಿಸೆಸ್ ಲೋರಿಮರ್. ಅವಳ ಸರದಿ ಹಾಗೇ ಇರ್ಲಿ. ನಾನು ಮಾಡ್ತೀನಿ."

"ನೀನಾ!" ಇಸಾ ನಕ್ಕೇಬಿಟ್ಟಳು. "ಸರಿ, ಒಂದ್ಸಲ ಮಾಡಿ ತೋರ್ಸು. ಕೆಡಿಸಿದ್ಯೋ, ಆಮೇಲೆ ನಾವು ಹೇಳಿದ್ದೇ."

ಯಾರ ಕಣ್ಣಿಗೂ ಬೀಳಬಾರದು ಅಂತ ಆರ್ಚಿ ಭಾನುವಾರ ಬೆಳಿಗ್ಗೆ, ಹಾಲಿನವನಿಗಿಂತ ಮೊದಲೇ ಎದ್ದ. ದೇವರ ದಿನ ಬಕೆಟ್ಟು ಎತ್ತಬಾರದು ಅನ್ನುವುದೂ ಮರೆತುಹೋಗಿತ್ತು. ಬಿಳಿಮಣ್ಣನ್ನು ನೀರಿಗೆ ಕಲಸಿ, ದೊಡ್ಡ ಬ್ರಷ್ ಹಿಡಿದು, ಹಡಗಿಗೆ ಬಳಿದ ಹಾಗೆ ಮೆಟ್ಟಿಲಿಗೆ ಮೆಟ್ಟಿಲೇ ಬಳಿದುಬಿಟ್ಟ.

ಕರೀ ಕೋಟು, ಕರೀ ಬೂಟು ಹಾಕಿಕೊಂಡು ಎಲ್ಲರೂ ಚರ್ಚಿಗೆ ಹೊರಟರು. ಅವರ ಹಿಂದೆ ಬಿಳಿ ಹೆಜ್ಜೆಗಳೂ ಹೊರಟವು. ಬೀದಿ ದಾಟಿ, ಮೂಲೆ ತಿರುಗಿ, ಚರ್ಚಿನ ಕೆಂಪು ಜಮಖಾನದ ಮೇಲೆ ಮುಂದಿನ ಬೆಂಚಿನವರೆಗೂ ನಡೆದವು.

ಚರ್ಚಿನಿಂದ ಬಂದವಳೇ ಇಸಾ ಬಾಗಿಲು ಬಡಿದಳು. "ಏನಯ್ಯಾ ಮಾಡಿಟ್ಟೆ! ಪಾದ್ರಿ ಪ್ರಸಂಗ ನಿಲ್ಸಿ ನಮ್ಮ ಕಾಲು ನೋಡ್ತಿದ್ರು! ಮೇಲ್ಮನೆ ಮಿಸೆಸ್ ಪರ್ಡಿ ಕೋಟಿನ ಅಂಚು ನೋಡ್ಬೇಕಿತ್ತು ನೀನು!"

ಆರ್ಚಿ ತಲೆ ಎತ್ತಲಿಲ್ಲ. "ಸುರುಳೀನೇ ಎಳೀಬೇಕು ಅಂತಿದ್ದೆ. ಅವಳದು ಹೇಗಿತ್ತು ಅಂತ ನೆನಪೇ ಬರ್ಲಿಲ್ಲ, ಮಿಸೆಸ್ ಲೋರಿಮರ್. ಇಷ್ಟು ವರ್ಷ ಅದರ ಮೇಲೇ ಕಾಲಿಟ್ಕೊಂಡು ಹೋಗಿದೀನಿ. ಬೇರೆ ಯಾರದೋ ಎಳೆಯೋಕೆ ಮನಸ್ಸು ಬರ್ಲಿಲ್ಲ. ಪೂರ್ತಿ ಬಳಿದ್ಬಿಟ್ಟೆ."

ಇಸಾ ಬಾಗಿಲ ಚೌಕಟ್ಟಿಗೆ ಒರಗಿ, ಅದರ ಮೇಲೆ ಬೆರಳಿನಿಂದ ಮೊರಾಗಳ ಸುರುಳಿ ಎಳೆದಳು.

"ಎರಡು ಸುತ್ತು, ಒಂದು ಸಣ್ಣ ಬಾಲ," ಅಂದಳು ಆಮೇಲೆ. "ಬಾಲ ಗೋಡೆ ಕಡೆ. ನಾಳೆ ಕೆಲಸ ಮುಗಿಸಿ ನೆಟ್ಟಗೆ ಬಾ, ತೋರಿಸ್ತೀನಿ. ಎಲ್ರ ಎದುರೇ ಮಾಡ್ಬೇಕು, ಗೊತ್ತಾಯ್ತಾ? ಕಳ್ಳನ ಹಾಗೆ ಬೇಡ."

ಸೋಮವಾರ ಸಂಜೆ ಆರ್ಚಿ ಮೊಣಕಾಲೂರಿ ಕೂತ. ಬಳಿದದ್ದನ್ನೆಲ್ಲ ಉಜ್ಜಿ ತೆಗೆದ. ಹಡಗುಕಟ್ಟೆಯಿಂದ ಬಂದ ಕೆಳಮನೆಯ ಡೂಗಲ್ ಕಣ್ಣರಳಿಸಿದ. "ಓಹೋ, ಆರ್ಚಿ ಅಮ್ಮಾವ್ರು! ಏಪ್ರನ್ ಎಲ್ಲಿ?"

"ನೀನು ಹಾಕ್ಕೊಂಡು ಬಾ, ಇನ್ನೊಂದು ಬಕೆಟ್ಟಿದೆ," ಅಂದಳು ಇಸಾ. ಡೂಗಲ್ ಸರಕ್ಕನೆ ಒಳಗೆ ಹೋದ.

ಆರ್ಚಿಯ ಕಿವಿ ಕೆಂಪಾಗಿತ್ತು, ಕೈ ನಿಲ್ಲಲಿಲ್ಲ. ಮೊದಲ ಸುರುಳಿ ಸೊಟ್ಟ, ಎರಡನೆಯದು ಅದಕ್ಕಿಂತ ಸೊಟ್ಟ. ಹೇಗೋ ಕೆಳಗಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಬಾಲ ಗೋಡೆ ಕಡೆ ತಾನಾಗಿ ಬಾಗತೊಡಗಿತು.

ಆಗ ಮಿಸೆಸ್ ಪರ್ಡಿ ಮೇಲಿನಿಂದ ಇಳಿದು ಬಂದಳು. ಲಂಗ ಎತ್ತಿ ಹಿಡಿದು, ಗೆರೆ ತುಳಿಯದೆ, ಒಂದೊಂದೇ ಮೆಟ್ಟಿಲು ನೋಡುತ್ತಾ.

"ಮೂಲೆ ಬಿಟ್ಟಿದೀಯ," ಅಂದಳು ಅವಳು. "ಮೊರಾಗ್ ಬಿಡ್ತಿರ್ಲಿಲ್ಲ. ಮುಂದಿನ ಸಲ ಶುಕ್ರವಾರಾನೇ ಮಾಡು, ತಿಳೀತಾ?"

"ಆಗ್ಲಿ, ಮಿಸೆಸ್ ಪರ್ಡಿ," ಅಂದ ಆರ್ಚಿ. ಬಟ್ಟೆ ಅದ್ದಿ ಹಿಂಡಿ, ಮೂಲೆಗೆ ಬಾಗಿದ.