ನಾನೊಬ್ಬಳೇ ನೋಡಿದ ಧಾರೆಯ ಫೋಟೋ

ಎರಡು ವರ್ಷದ ಹಿಂದಿನ ಆಟಿ ತಿಂಗಳು, ಜುಲೈ-ಆಗಸ್ಟಿನ ಮಳೆಗಾಲ. ನಮ್ಮ ಕಡೆ ಆಟಿಯಲ್ಲಿ ಮದುವೆ ಇಲ್ಲ, ಹಾಗಾಗಿ ಮದುವೆಯ ಫೋಟೋ ತೆಗೆಯುವವರಿಗೆ ಹೊರಗೆ ಕೆಲಸವೂ ಇಲ್ಲ. ಬೇಸಿಗೆಯಲ್ಲಿ ತೆಗೆದದ್ದನ್ನೆಲ್ಲ ಕುಳಿತು ಆಲ್ಬಮ್ ಮಾಡುವ ತಿಂಗಳು ಅದು. ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ನಮ್ಮ ಮನೆ. ನಮ್ಮವರು ಫೋಟೋ ತೆಗೆಯುತ್ತಾರೆ, ಮನೆಯ ಕಂಪ್ಯೂಟರಿನಲ್ಲಿ ಅದನ್ನು ತಿದ್ದಿ ಆಲ್ಬಮ್ ಜೋಡಿಸುವವಳು ನಾನು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಕಂಪ್ಯೂಟರಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡುವುದು ಬೇಡ ಎಂಬ ಜಂಬ ಇತ್ತು. ಆ ಜಂಬ ಇಳಿಯಿತು, ಆದರೆ ಅದರಿಂದ ಕಳೆದುಕೊಂಡವರು ಬೇರೆಯವರು.

ಆ ವರ್ಷ ಮೇ ತಿಂಗಳಲ್ಲಿ ಮೂಡುಬಿದಿರೆಯ ಒಂದು ಹಾಲ್‌ನಲ್ಲಿ ತೋಡಾರಿನ ಶ್ರಾವ್ಯ ಎಂಬ ಹುಡುಗಿಯ ಮದುವೆ ಆಯಿತು. ಅವಳ ಅಪ್ಪ ಸಂಜೀವಣ್ಣ ಮೂವತ್ತು ವರ್ಷ ಪುಣೆಯಲ್ಲಿ ಕ್ಯಾಂಟೀನ್ ನಡೆಸಿ ಊರಿಗೆ ಬಂದವರು. ಫೋಟೋ ಎಂದರೆ ಅವರಿಗೆ ಆಗದು. ನಮ್ಮವರು ಕ್ಯಾಮರಾ ಎತ್ತಿದರೆ ಸಾಕು, "ನನ್ನದು ಎಂತಕ್ಕೆ ಮಾರಾಯ, ಮಕ್ಕಳದ್ದು ತೆಗಿ" ಎಂದು ಊಟದ ಕಡೆಗೆ ಹೋಗಿಬಿಡುತ್ತಿದ್ದರಂತೆ. ಆದರೆ ಧಾರೆಯ ಹೊತ್ತಿಗೆ ಹುಡುಗಿಯ ಅಪ್ಪ ತಪ್ಪಿಸಿಕೊಳ್ಳುವ ಹಾಗಿಲ್ಲ. ಮದುಮಕ್ಕಳ ಜೋಡಿಸಿದ ಕೈಗಳ ಮೇಲೆ ಗಿಂಡಿಯಿಂದ ನೀರು ಎರೆಯಬೇಕಾದವರು ಅವರೇ. ಗಿಂಡಿ ಎತ್ತಿದ್ದೇ ಅತ್ತುಬಿಟ್ಟರಂತೆ. ಸಂಜೆ ಮನೆಗೆ ಬಂದ ನಮ್ಮವರು ಕೈಕಾಲು ತೊಳೆಯುವ ಮೊದಲೇ ಹೇಳಿದರು, "ಶಶಿ, ಇವತ್ತು ಧಾರೆದ್ದು ಒಂದು ಒಳ್ಳೆ ಫೋಟೋ ಸಿಕ್ಕಿದೆ. ಆಲ್ಬಮ್‌ನಲ್ಲಿ ಎರಡು ಪೇಜಿಗೂ ಅದೊಂದನ್ನೇ ಹಾಕುವ."

ಎಲ್ಲವನ್ನೂ ನಾನು ಕಂಪ್ಯೂಟರಿಗೆ ಇಳಿಸಿಕೊಂಡೆ. ಇನ್ನೊಂದು ಪ್ರತಿ ಇರಲಿ ಎಂದು ಹೊರಗಿನ ಹಾರ್ಡ್ ಡಿಸ್ಕಿಗೂ ಹಾಕಿದೆ. ಮರುದಿನವೇ ಬೇರೆ ಮದುವೆ ಇತ್ತು, ಕ್ಯಾಮರಾದ ಕಾರ್ಡನ್ನು ಖಾಲಿ ಮಾಡಿ ಕೊಟ್ಟೆ. ಸೀಸನ್‌ನಲ್ಲಿ ಎಲ್ಲರೂ ಮಾಡುವುದು ಹಾಗೆಯೇ.

ಶ್ರಾವ್ಯಳ ಗಂಡ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದವನು, ಮದುವೆಯಾಗಿ ಹದಿನೈದೇ ದಿನಕ್ಕೆ ಹೋದ. ಡಿಸೆಂಬರಿನಲ್ಲಿ ರಜೆಗೆ ಬಂದಾಗ ಇಬ್ಬರೂ ಒಟ್ಟಿಗೆ ಕುಳಿತು ಆಲ್ಬಮ್ಮಿಗೆ ಫೋಟೋ ಆರಿಸುವುದು ಎಂದು ಮಾತಾಯಿತು. ಗಲ್ಫಿನಲ್ಲಿರುವವರ ಮದುವೆಯಲ್ಲಿ ಇದು ಇದ್ದದ್ದೇ. ಜೂನ್‌ನಲ್ಲಿ ಅವಳೊಮ್ಮೆ ಫೋನ್ ಮಾಡಿದಳು.

"ಅಕ್ಕ, ಎಲ್ಲ ಫೋಟೋ ಒಂದು ಪೆನ್‌ಡ್ರೈವಿಗೆ ಹಾಕಿ ಕೊಡ್ತೀರಾ? ಸುಮ್ಮನೆ ನೋಡ್ಲಿಕ್ಕೆ."

"ಆರಿಸುವ ಮೊದಲು ಕೊಡುವ ಕ್ರಮ ಇಲ್ಲ ಶ್ರಾವ್ಯ," ಎಂದೆ. "ಆಲ್ಬಮ್‌ನಲ್ಲೇ ನೋಡಿದರೆ ಚಂದ."

ಆ ಕ್ರಮ ಯಾವ ಶಾಸ್ತ್ರದಲ್ಲೂ ಇಲ್ಲ, ನಾನೇ ಮಾಡಿದ್ದು. ಪೆನ್‌ಡ್ರೈವ್ ಕೊಟ್ಟರೆ ಜನ ಆಲ್ಬಮ್ಮಿಗೆ ಬರುವುದೇ ಇಲ್ಲ, ಎಲ್ಲ ಮೊಬೈಲಿನಲ್ಲೇ ನೋಡಿ ಮುಗಿಸುತ್ತಾರೆ ಎಂಬ ಹೆದರಿಕೆ. ಅವಳು ಪಾಪ, "ಆಯ್ತು ಅಕ್ಕ" ಎಂದು ಫೋನ್ ಇಟ್ಟಳು.

ಆಟಿಯಲ್ಲಿ ನಾನು ಬಳಸುವ ಆಲ್ಬಮ್ ಸಾಫ್ಟ್‌ವೇರಿನ ಅವಧಿ ಮುಗಿಯಿತು. ನಮ್ಮವರು "ದುಡ್ಡು ಕಟ್ಟಿ ಹೊಸತು ತೆಗೊಳ್ಳುವ" ಎಂದರು. ನಾನು ಕೇಳಲಿಲ್ಲ. ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅದೇ ಸಾಫ್ಟ್‌ವೇರನ್ನು ಪುಕ್ಕಟೆ ಹಾಕಿಕೊಳ್ಳುವ ಲಿಂಕ್ ಕಳಿಸಿದ್ದರು. ಜೊತೆಗೆ ಒಂದು ವಿಡಿಯೋ. ಅದರಲ್ಲಿ ಮೊದಲ ಮಾತೇ, ಆಂಟಿವೈರಸ್ ಆಫ್ ಮಾಡಿ, ಇಲ್ಲದಿದ್ದರೆ ಅದು ಸುಮ್ಮನೆ ಹೆದರಿಸುತ್ತದೆ ಎಂದು. ಬಾಗಿಲು ಕಾಯುವ ನಾಯಿಯನ್ನು ಕಟ್ಟಿಹಾಕಿ ಎಂದು ಅಪರಿಚಿತನೊಬ್ಬ ಹೇಳಿದರೆ ಯಾರಾದರೂ ಕೇಳುತ್ತಾರಾ? ನಾನು ಕೇಳಿದೆ. ಆಫ್ ಮಾಡಿದೆ, ಹಾಕಿದೆ, ಸಾಫ್ಟ್‌ವೇರ್ ಚಂದ ತೆರೆಯಿತು. ಆಂಟಿವೈರಸ್ಸನ್ನು ಪುನಃ ಆನ್ ಮಾಡುವುದನ್ನು ಮರೆತೆ.

ಮರುದಿನ ಬೆಳಿಗ್ಗೆ ದೋಸೆ ಮಾಡಿಟ್ಟು ಕಂಪ್ಯೂಟರಿನ ಎದುರು ಕುಳಿತೆ. ಒಂದು ಫೋಟೋ ತೆರೆಯಲಿಲ್ಲ. ಇನ್ನೊಂದೂ ತೆರೆಯಲಿಲ್ಲ. ನೋಡಿದರೆ ಎಲ್ಲ ಫೈಲುಗಳ ಹೆಸರಿನ ಹಿಂದೆ ಅರ್ಥವಿಲ್ಲದ ಅಕ್ಷರಗಳು ಸೇರಿಕೊಂಡಿದ್ದವು. ಪ್ರತಿಯೊಂದು ಫೋಲ್ಡರಿನಲ್ಲೂ ಒಂದು ಇಂಗ್ಲಿಷ್ ಚೀಟಿ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಬೀಗ ತೆಗೆಯಬೇಕಾದರೆ ಇಷ್ಟು ಡಾಲರ್ ಕೊಡಿ, ತಡ ಮಾಡಿದರೆ ಎರಡು ಪಾಲು ಎಂದು ಬರೆದಿತ್ತು. ಆದರೂ ಹೊರಗಿನ ಹಾರ್ಡ್ ಡಿಸ್ಕ್ ಉಂಟಲ್ಲ ಎಂದು ಧೈರ್ಯ ತೆಗೆದುಕೊಂಡು ಅದನ್ನು ತೆರೆದೆ. ಅಲ್ಲಿಯೂ ಅದೇ ಚೀಟಿ ಇತ್ತು.

ಎರಡನ್ನೂ ಚೀಲದಲ್ಲಿ ತುಂಬಿಕೊಂಡು ನಾವಿಬ್ಬರೂ ಬಂಟ್ವಾಳದ ಬಿ.ಸಿ. ರೋಡಿಗೆ ಹೋದೆವು. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಶ್ರಫ್ ನಮ್ಮವರಿಗೆ ಹಳೆಯ ಪರಿಚಯ. ಅವನು ಹೆಚ್ಚು ಮಾತಿಲ್ಲದೆ ಅರ್ಧ ಗಂಟೆ ನೋಡಿದ.

"ಅಕ್ಕ, ಈ ಹಾರ್ಡ್ ಡಿಸ್ಕನ್ನು ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಡ್ತಿದ್ರಾ?"

"ಹೌದು. ದಿನಾ ಬೇಕಾಗ್ತದಲ್ಲ, ತೆಗೆಯುವುದು ಯಾಕೆ ಅಂತ."

"ಕಂಪ್ಯೂಟರಿಗೆ ಕಂಡದ್ದೆಲ್ಲ ಆ ಪುಕ್ಕಟೆ ಸಾಫ್ಟ್‌ವೇರಿನ ಜೊತೆ ಬಂದ ವೈರಸ್ಸಿಗೂ ಕಾಣ್ತದೆ ಅಕ್ಕ. ಕಾಪಿ ಮಾಡಿ ಆದ ಕೂಡಲೇ ತೆಗೆದು ಕಪಾಟಿನಲ್ಲಿ ಇಟ್ಟಿದ್ದರೆ ಉಳೀತಿತ್ತು."

ನಮ್ಮವರು ದುಡ್ಡು ಕೊಟ್ಟರೆ ಹೇಗೆ ಎಂದು ಕೇಳಿದರು. ಅಶ್ರಫ್ ತಲೆ ಅಲ್ಲಾಡಿಸಿದ. "ಕೊಟ್ಟವರಿಗೂ ಎಲ್ಲರಿಗೆ ಸಿಕ್ಕಿಲ್ಲ ದಿನೇಶಣ್ಣ. ಕಳ್ಳನ ಹತ್ತಿರ ರಶೀದಿ ಕೇಳ್ಲಿಕ್ಕೆ ಆಗ್ತದಾ? ಪೊಲೀಸಿಗೆ ಒಂದು ದೂರು ಕೊಡಿ. ನಾನು ಕ್ಯಾಮರಾದ ಕಾರ್ಡಿನಲ್ಲಿ ಏನಾದರೂ ಉಳಿದಿದೆಯಾ ಅಂತ ನೋಡ್ತೇನೆ."

ದೂರು ಕೊಟ್ಟೆವು, ಬರೆದುಕೊಂಡರು. ಅದರಿಂದ ಏನೂ ಆಗಲಿಲ್ಲ. ಆಲ್ಬಮ್ ಬಾಕಿ ಇದ್ದದ್ದು ಮೂರು ಮದುವೆಯದ್ದು. ಒಂದು ಮನೆಯವರಿಗೆ ಹೇಳಿದಾಗ ಬಾಯಿಗೆ ಬಂದ ಹಾಗೆ ಬೈದರು, ಇನ್ನೊಬ್ಬರು ಹೋಗಲಿ ಬಿಡಿ ಎಂದರು. ಶ್ರಾವ್ಯಳಿಗೆ ಮಾತ್ರ ನಾನು ಹೇಳಲಿಲ್ಲ. ಡಿಸೆಂಬರ್ ತನಕ ಸಮಯ ಉಂಟು, ಅಶ್ರಫ್ ಏನಾದರೂ ಮಾಡಿಯಾನು ಎಂದು ಮುಂದೂಡಿದೆ. ಹೇಳುವ ಎಂದು ನಮ್ಮವರು ಎರಡು ಸಲ ಹೇಳಿದರು. ಎರಡು ಸಲವೂ ನಾನೇ ಬೇಡ ಎಂದೆ. ನನಗೆ ಮೊದಲಿಂದಲೂ ತಪ್ಪು ಒಪ್ಪಿಕೊಳ್ಳುವುದೆಂದರೆ ಆಗದು.

ಫೈಲುಗಳಿಗೆ ಬೀಗ ಬಿದ್ದ ಹತ್ತೊಂಬತ್ತನೆಯ ದಿನ ಸಂಜೀವಣ್ಣ ತೀರಿಕೊಂಡರು. ಬೆಳಿಗ್ಗೆ ಪೇಪರ್ ಓದುತ್ತಾ ಎದೆನೋವು ಎಂದವರು, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋದರಂತೆ. ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಮನುಷ್ಯನಲ್ಲ, ಆ ಫೋಟೋ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ.

ನಾಲ್ಕನೆಯ ದಿನ ಶ್ರಾವ್ಯಳ ಸೋದರಮಾವ ಫೋನ್ ಮಾಡಿದರು. "ಬೊಜ್ಜದ ದಿನ ಇಡ್ಲಿಕ್ಕೆ ಭಾವನ ಒಂದು ಫೋಟೋ ಬೇಕಿತ್ತು ಅಮ್ಮ. ಮನೆಯಲ್ಲಿ ಎಂತದೂ ಇಲ್ಲ, ಅವರು ತೆಗೆಸಿಕೊಂಡವರೇ ಅಲ್ಲ. ಮದುವೆದ್ದು ನಿಮ್ಮ ಹತ್ರ ಉಂಟಲ್ಲ?"

ನಮ್ಮಲ್ಲಿ ಹದಿಮೂರನೆಯ ದಿನದ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. ಅಂದು ತೀರಿಕೊಂಡವರ ದೊಡ್ಡ ಫೋಟೋಕ್ಕೆ ಮಾಲೆ ಹಾಕಿ, ಬಂದವರೆಲ್ಲ ಹೂ ಹಾಕುತ್ತಾರೆ. ನಾನು ಹೇಳಿದೆ, "ಕಂಪ್ಯೂಟರ್ ರಿಪೇರಿಗೆ ಕೊಟ್ಟಿದ್ದೇವೆ. ಬಂದರೆ ಹೇಳ್ತೇನೆ." ಆ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ, ಆದರೂ ಅಷ್ಟು ದೊಡ್ಡ ಸುಳ್ಳನ್ನು ನಾನು ಬೇರೆ ಹೇಳಿದ್ದಿಲ್ಲ.

ಅಷ್ಟರಲ್ಲಿ ಅಶ್ರಫ್ ಕಾರ್ಡಿನಿಂದ ಏಳು ಫೋಟೋ ತೆಗೆದುಕೊಟ್ಟ. ಅದರ ಮೇಲೆ ಎಷ್ಟೋ ಮದುವೆಗಳ ಫೋಟೋ ಕೂತಾಗಿತ್ತು. ಏಳರಲ್ಲೂ ಮೇಲಿನ ಒಂದು ಪಟ್ಟಿ ಮಾತ್ರ ಉಳಿದಿತ್ತು, ಕೆಳಗೆಲ್ಲ ಬೂದು ಬಣ್ಣ. ಮಂಟಪದ ಹೂವಿನ ಅಲಂಕಾರ ಕಾಣುತ್ತಿತ್ತು, ಮನುಷ್ಯರು ಯಾರೂ ಇರಲಿಲ್ಲ. ಬಂಧುಗಳ ಮೊಬೈಲಿನಲ್ಲಿ ಇರಬಹುದು ಎಂಬ ಆಸೆಯೂ ಹೋಯಿತು, ಬೊಜ್ಜದ ಫೋಟೋಕ್ಕೆಂದು ಮನೆಯವರೇ ಅದನ್ನೆಲ್ಲ ಹುಡುಕಿ ನೋಡಿದ್ದರಂತೆ. ಧಾರೆಯ ಹೊತ್ತಿಗೆ ನಮ್ಮವರು ಮತ್ತು ಅವರ ಜೊತೆಯ ವಿಡಿಯೋದವನು ಮಂಟಪದ ಎದುರೇ ನಿಂತಿದ್ದರಲ್ಲ. ಜನರ ಮೊಬೈಲಿನಲ್ಲಿ ಇದ್ದದ್ದೆಲ್ಲ ಇವರಿಬ್ಬರ ಬೆನ್ನು. ವಿಡಿಯೋವೂ ಅದೇ ಕಂಪ್ಯೂಟರಿನಲ್ಲಿತ್ತು.

ಬೊಜ್ಜಕ್ಕೆ ನಮ್ಮವರೊಬ್ಬರೇ ಹೋದರು. ಪಾಸ್‌ಪೋರ್ಟಿನ ಹಳೆಯ ಫೋಟೋವನ್ನೇ ದೊಡ್ಡದು ಮಾಡಿ ಇಟ್ಟಿದ್ದರಂತೆ, ಮುಖ ಮಸುಕು ಮಸುಕು. ಶ್ರಾವ್ಯ ಇವರ ಹತ್ತಿರ ಬಂದು, "ಅಣ್ಣ, ಧಾರೆಯ ಫೋಟೋ ಒಂದು ಸಾಕು. ಆಲ್ಬಮ್ ಬೇಡ, ಬೇರೆ ಯಾವುದೂ ಬೇಡ" ಎಂದಳಂತೆ. ಮನೆಗೆ ಬಂದವರು ಊಟ ಮಾಡಿರಲಿಲ್ಲ. "ನೀನು ಬಂದರೆ ಬಾ, ಇಲ್ಲದಿದ್ದರೆ ನಾನೊಬ್ಬನೇ ಹೋಗಿ ಹೇಳ್ತೇನೆ" ಎಂದರು. ನಮ್ಮ ಮದುವೆಯಾದ ಮೇಲೆ ಅವರು ಆ ಸ್ವರದಲ್ಲಿ ಮಾತಾಡಿದ್ದು ಅದೇ ಮೊದಲು.

ಮೂರು ದಿನ ಬಿಟ್ಟು ತೋಡಾರಿಗೆ ಹೋದೆವು. ಶ್ರಾವ್ಯ, ಅವಳ ಅಮ್ಮ, ಸೋದರಮಾವ ಮೂವರೂ ಚಾವಡಿಯಲ್ಲಿದ್ದರು. ನೀರು ಬೆಲ್ಲ ತಂದಿಟ್ಟರು. ಅದನ್ನು ಮುಟ್ಟುವ ಮೊದಲೇ ನಾನು ಎಲ್ಲವನ್ನೂ ಹೇಳಿದೆ. ಪುಕ್ಕಟೆ ಸಾಫ್ಟ್‌ವೇರಿಗೆ ಆಸೆಪಟ್ಟದ್ದು, ಆಂಟಿವೈರಸ್ ಆಫ್ ಮಾಡಿದ್ದು, ಮಾವನ ಹತ್ತಿರ ರಿಪೇರಿ ಎಂದದ್ದು, ಏನನ್ನೂ ಬಿಡಲಿಲ್ಲ. ಅವಳ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ನಿಮ್ಮನ್ನು ನಂಬಿ ಕರೆದದ್ದಲ್ವಾ ನಾವು?" ಎಂದರು ಮಾವ. "ಅವತ್ತೇ ಹೇಳಿದ್ದರೆ ಭಾವನನ್ನು ಕೂರಿಸಿ ಒಂದು ಫೋಟೋ ಆದರೂ ತೆಗೆಸ್ತಿದ್ದೆವು. ಹತ್ತೊಂಬತ್ತು ದಿನ ಇದ್ದರಲ್ಲ ಅವರು."

ಅವರು ಎದ್ದು ಅಂಗಳಕ್ಕೆ ಹೋದರು. ನಮ್ಮವರೂ ಅವರ ಹಿಂದೆ ಹೋಗಿ ದೂರ ನಿಂತರು. ಶ್ರಾವ್ಯ ನನ್ನ ಹತ್ತಿರ ಬಂದು ಕುಳಿತಳು.

"ಅಕ್ಕ, ನಾನು ಪೆನ್‌ಡ್ರೈವ್ ಕೇಳಿದ್ದೆ. ನೆನಪುಂಟಾ?"

"ಉಂಟು."

ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಕೇಳಿದ್ದು ಇಷ್ಟೇ, "ನೀವು ಆ ಫೋಟೋ ನೋಡಿದ್ದೀರಲ್ಲ. ಹೇಗಿತ್ತು ಹೇಳಿ."

ನಾನು ಹೇಳಿದೆ. "ಅಪ್ಪ ಬಿಳಿ ಅಂಗಿಯಲ್ಲಿದ್ದರು. ಹೆಗಲಲ್ಲಿ ಜರಿಶಾಲು. ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕಣ್ಣೀರು ಗಲ್ಲಕ್ಕೆ ಇಳಿದಿತ್ತು, ಒರೆಸ್ಲಿಕ್ಕೆ ಕೈ ಖಾಲಿ ಇರಲಿಲ್ಲ. ನೀನು ತಲೆ ಬಗ್ಗಿಸಿದ್ದೆ."

"ಹೌದು, ಬಗ್ಗಿಸಿದ್ದೆ. ನನಗೆ ಅಪ್ಪ ಕಾಣಲೇ ಇಲ್ಲ. ಅತ್ತದ್ದು ಕೂಡ ಆಮೇಲೆ ಯಾರೋ ಹೇಳಿ ಗೊತ್ತಾದದ್ದು." ಅವಳು ನನ್ನ ಕೈ ಹಿಡಿದಳು. "ಅಪ್ಪ ಆಗ ನೋಡ್ತಿದ್ದದ್ದು ಎಲ್ಲಿಗೆ ಅಕ್ಕ? ನೀರನ್ನಾ, ನನ್ನನ್ನಾ?"

"ನಿನ್ನನ್ನೇ," ಎಂದೆ.

ಅವಳು ಆಗ ಅತ್ತಳು. ಅವಳ ಅಮ್ಮ ಎದ್ದು ಬಂದು ಅವಳ ತಲೆ ಸವರಿದರು. ನಾನು ಬೆಲ್ಲದ ಒಂದು ಚೂರು ಬಾಯಿಗೆ ಹಾಕಿಕೊಂಡು ಎದ್ದೆ.

ಬರುವಾಗ ಸ್ಕೂಟರಿನಲ್ಲಿ ನಮ್ಮವರನ್ನು ಕೇಳಿದೆ, ಆ ಫೋಟೋದಲ್ಲಿ ಸಂಜೀವಣ್ಣನ ಕಣ್ಣು ಯಾವ ಕಡೆಗಿತ್ತು ಎಂದು. ಅವರು ಸ್ಕೂಟರ್ ನಿಧಾನ ಮಾಡಿದರು. "ಗೊತ್ತಿಲ್ಲ ಶಶಿ. ನಾನು ನೀರಿಗೆ ಫೋಕಸ್ ಇಟ್ಟಿದ್ದೆ. ಬಾಕಿದ್ದನ್ನು ಕಂಪ್ಯೂಟರಿನಲ್ಲಿ ನೋಡುವ ಅಂತ ಇದ್ದೆ." ನನಗೂ ಗೊತ್ತಿಲ್ಲ. ನಾನು ನೋಡಿದ್ದು ಬೆಳಕು ಸರಿ ಉಂಟಾ, ಬಣ್ಣ ಹೆಚ್ಚಾಯಿತಾ ಎಂದು. ದಿನಕ್ಕೆ ಸಾವಿರ ಮುಖ ನೋಡುವವಳು ಕಣ್ಣು ಎಲ್ಲಿಗಿತ್ತು ಎಂದು ಯಾಕೆ ನೋಡುತ್ತೇನೆ?

ಈಗ ನಾನು ದುಡ್ಡು ಕಟ್ಟದ ಯಾವ ಸಾಫ್ಟ್‌ವೇರನ್ನೂ ಮನೆಯ ಕಂಪ್ಯೂಟರಿಗೆ ಹಾಕುವುದಿಲ್ಲ. ಹಾರ್ಡ್ ಡಿಸ್ಕ್ ಎರಡು ಉಂಟು, ಕಾಪಿಯಾದ ಕೂಡಲೇ ಒಂದು ಕಪಾಟಿಗೆ, ಇನ್ನೊಂದು ತಂಗಿಯ ಮನೆಗೆ. ಮದುವೆ ಕಳೆದ ವಾರದೊಳಗೆ ಎಲ್ಲ ಫೋಟೋಗಳ ಪೆನ್‌ಡ್ರೈವ್ ಮನೆಯವರ ಕೈಯಲ್ಲಿರುತ್ತದೆ, ಆಲ್ಬಮ್ ಮಾಡಿಸಿದರೆ ಮಾಡಿಸಲಿ, ಬಿಟ್ಟರೆ ಬಿಡಲಿ. ಇದನ್ನು ಕೇಳಿದವರೆಲ್ಲ ಒಳ್ಳೆಯ ಪಾಠ ಕಲಿತಿ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಾನು ಕಲಿತದ್ದರಿಂದ ಅವಳಿಗೆ ಏನು ಸಿಕ್ಕಿತು?

ಈ ವರ್ಷ ಬಂಟ್ವಾಳದಲ್ಲಿ ಒಂದು ಮದುವೆಗೆ ನಮ್ಮವರ ಜೊತೆ ನಾನೂ ಹೋಗಿದ್ದೆ. ಊಟದ ಸಾಲಿನಲ್ಲಿ ನನ್ನ ಮುಂದೆ ಶ್ರಾವ್ಯ ನಿಂತಿದ್ದಳು, ಗಂಡನೂ ಬಂದಿದ್ದ. ಅವಳು ನಗುನಗುತ್ತಾ ನನ್ನನ್ನು ಅವನಿಗೆ ಪರಿಚಯಿಸಿದಳು. "ಧಾರೆಯ ಫೋಟೋದಲ್ಲಿ ಅಪ್ಪ ನನ್ನನ್ನೇ ನೋಡ್ತಿದ್ದರು ಅಂತ ನಾನು ಹೇಳ್ತೇನಲ್ಲ, ಅದನ್ನು ಕಣ್ಣಾರೆ ನೋಡಿದವರು ಇವರೇ," ಎಂದಳು. ಅವನು ನನಗೆ ಕೈಮುಗಿದ. ನಾನು ತಟ್ಟೆ ಹಿಡಿದುಕೊಂಡೇ ಹೌದೆಂದು ತಲೆಯಾಡಿಸಿದೆ.